ಮಧುಮೇಹದ ವೈದ್ಯ ಎಲಿಯಟ್ ಜಾಸ್ಲಿನ್

ಅಮೆರಿಕಾ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ ಮ್ಯಾಸಚೂಸೆಟ್ಸ್ ಎಂಬ ಪ್ರಾಂತವಿರುವುದಷ್ಟೆ. ಆ ಪ್ರಾಂತದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ೧೮೬೯ನೆಯ ಇಸವಿ ಜೂನ್ ೬ರಂದು ಎಲಿಯಟ್ ಪ್ರಾಕ್ಟರ್ ಜಾಸ್ಲಿನ್ ಜನಿಸಿದನು. ಇಂಗ್ಲೆಂಡಿನ ಹೆಸರಾಂತ ವಿದ್ಯಾನಗರಕ್ಕೂ ಈ ಊರಿಗೂ ಹೆಸರೊಂದನ್ನುಳಿದು ಬೇರಾವ ಹೋಲಿಕೆಯೂ ಇಲ್ಲ. ತಂದೆ ಪಾದರಕ್ಷೆಗಳ ಕಾರ್ಖಾನೆಯನ್ನು ನಡೆಸುತ್ತಿದ್ದ ಅನುಕೂಲಸ್ಥ. ಮನೆಯಲ್ಲಿ ಕೊರತೆಯೆಂಬುದಿರಲಿಲ್ಲ. ಆದರೆ ಆ ಕುಟುಂಬದ ಮೇಲೆ ಒಂದು ರೋಗದ ಕಣ್ಣು ಬಿದ್ದಿತ್ತು. ಹುಡುಗನ ಚಿಕ್ಕಮ್ಮನಿಗೆ ಆ ರೋಗ. ಮುಂದೆ ತಾಯಿಗೂ ಅದೇ ರೋಗ. ನಮ್ಮ ಪ್ರಾಚೀನ ಆಯುರ್ವೇದ ಗ್ರಂಥಗಳು ಅದನ್ನು ಮಧುಮೇಹವೆಂದು ಕರೆದವು. ನಮ್ಮ ಹಿರಿಯರು ಸಿಹಿಮೂತ್ರ ರೋಗವೆಂದರು. ಈಗ ಮನೆಮಾತಿನಲ್ಲಿ ಸಕ್ಕರೆ ಕಾಯಿಲೆ ಎನ್ನುತ್ತೇವೆ.

ಜಾಸ್ಲಿನ್ ಯೇಲ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ೧೮೯೦ರಲ್ಲಿ ಪದವೀಧರನಾದನು. ಅಲ್ಲಿಯೇ ಇನ್ನೂ ಒಂದು ವರ್ಷ ನಿಂತು, ದೇಹದೊಳಗೆ ಆಹಾರವು ಹೊಂದುವ ರಾಸಾಯನಿಕ ಮಾರ್ಪಾಡುಗಳನ್ನು ಅಭ್ಯಸಿಸಿ, ಬಳಿಕ ಬಾಸ್ಟನ್ ನಗರದ ಹಾರ್ವರ್ಡ್ ವೈದ್ಯಶಾಲೆಯನ್ನು ಸೇರಿ ೧೮೯೫ರಲ್ಲಿ ವೈದ್ಯನಾದನು. ವಿದ್ಯಾರ್ಥಿಯಾಗಿದ್ದಾಗಲೇ ಆತನು ಮಧುಮೇಹವನ್ನು ಕುರಿತು ಬರೆದ ಪ್ರಬಂಧಕ್ಕೆ ಬಹುಮಾನ ಬಂದಿತು. ಅದಕ್ಕಿಂತಲೂ ಮುಖ್ಯವಾದ ಒಂದು ಕೆಲಸವನ್ನು ಆ ದಿನಗಳಲ್ಲಿಯೇ ಆತನು ಆರಂಭಿಸಿದ್ದನು. ೧೮೯೩ರಲ್ಲಿ, ಮನೆಗೆಲಸ ಮಾಡಿಕೊಂಡಿದ್ದ ಐರಿಷ್ ಮೂಲದ ಒಬ್ಬ ಬಡ ತರುಣಿ ಮಧುಮೇಹದಿಂದ ಬಳಲುತ್ತ ಆಸ್ಪತ್ರೆಗೆ ಬಂದಳು. ಆಕೆಯ ವಯಸ್ಸು, ತೂಕ, ಮೂತ್ರದಲ್ಲಿದ್ದ ಸಕ್ಕರೆಯ ಪ್ರಮಾಣ ಇವುಗಳನ್ನೆಲ್ಲ ಜಾಸ್ಲಿನ್ ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟನು. ಅಂಗಡಿಯ ಲೆಕ್ಕದ ಕಿರ್ದಿಯಂತಿದ್ದ ಆ ಪುಸ್ತಕದ ಮೊದಲನೆಯ ಹೆಸರು ಆಕೆಯದು. ಅಂದು ಮೊದಲಾದ ಬರವಣಿಗೆಯನ್ನು ಆತನು ಸುಮಾರು ಎಪ್ಪತ್ತು ವರ್ಷ ಬಿಡಲಿಲ್ಲ. ಒಂದು ಪುಸ್ತಕ ತುಂಬಿದರೆ ಇನ್ನೊಂದು, ಅದು ತುಂಬಿದರೆ ಮತ್ತೊಂದು. ರೋಗಿಯು ಊರು ಬಿಟ್ಟು ಹೋದರೂ ಕಾಗದ ಬರೆದು ಕ್ಷೇಮಸಮಾಚಾರ ವಿಚಾರಿಸುವುದು. ತೀರಿಕೊಂಡರೆ ಯಾವಾಗ, ಯಾವ ಕಾರಣದಿಂದ ಎಂಬುದನ್ನು ತಿಳಿದು ಅದೇ ಹೆಸರಿನ ಮುಂದೆ ಬರೆಯುವುದು. ಇದು ಆತನ ನಿಯಮ.

ಈ ಲೆಕ್ಕದ ಬೆಲೆಯನ್ನು ಅರಿಯಬೇಕಾದರೆ ಆ ಕಾಲದಲ್ಲಿ ಮಧುಮೇಹವೆಂದರೇನಾಗಿತ್ತು ಎಂಬುದನ್ನು ತಿಳಿಯಬೇಕು. ನಾವು ಉಂಡ ಅನ್ನ, ರೊಟ್ಟಿ, ಬೆಲ್ಲಗಳು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯು ರಕ್ತದಿಂದ ಮಾಂಸಖಂಡಗಳೊಳಕ್ಕೆ ಹೋಗಿ ಶಕ್ತಿಯಾಗಬೇಕಾದರೆ ಇನ್ಸುಲಿನ್ ಎಂಬ ರಸ ಬೇಕು. ಅದನ್ನು ಒಸರಿಸುವುದು ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿ. ಆ ರಸವು ಬತ್ತಿದರೆ, ಅಥವಾ ದೇಹವು ಅದರ ಮಾತನ್ನು ಕೇಳದೆ ಹೋದರೆ, ಸಕ್ಕರೆಯು ರಕ್ತದಲ್ಲಿಯೇ ನಿಂತು ಮೂತ್ರದ ದಾರಿಯಾಗಿ ಹರಿದುಹೋಗುತ್ತದೆ. ಹೊಳೆಯ ನಡುವೆ ನಿಂತವನು ಬಾಯಾರಿ ಸತ್ತಂತೆ ದೇಹವು ಸಕ್ಕರೆಯ ನಡುವೆಯೇ ಹಸಿದು ಕೃಶವಾಗುತ್ತದೆ. ಇಂದು ಇದೆಲ್ಲ ಪಠ್ಯಪುಸ್ತಕದ ಮಾತು. ಆದರೆ ೧೮೮೯ರವರೆಗೆ ರೋಗದ ಮೂಲವು ಯಾವ ಅಂಗದಲ್ಲಿದೆಯೆಂಬುದೇ ನಿಶ್ಚಯವಾಗಿರಲಿಲ್ಲ. ಆ ವರ್ಷ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬಿಬ್ಬರು ವಿಜ್ಞಾನಿಗಳು ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹವುಂಟಾಯಿತು. ರೋಗದ ಮನೆ ತಿಳಿಯಿತು, ಮದ್ದು ತಿಳಿಯಲಿಲ್ಲ. ಹತ್ತು ವರ್ಷದ ಮಗುವಿಗೆ ಮಧುಮೇಹ ಬಂದರೆ ಅದು ಸರಾಸರಿ ಒಂದೂವರೆ ವರ್ಷವೂ ಬದುಕುತ್ತಿರಲಿಲ್ಲ. ವೈದ್ಯರು ಅಂತಹ ಮಕ್ಕಳ ತಾಯಿತಂದೆಯರ ಮುಖವನ್ನು ನೋಡಲು ಅಂಜುತ್ತಿದ್ದ ಕಾಲವದು.

ಜಾಸ್ಲಿನ್ ಯುರೋಪಿಗೆ ಹೋಗಿ ಸ್ಟ್ರಾಸ್‌ಬರ್ಗಿನಲ್ಲಿ ನೌನಿನ್ ಎಂಬ ಮಹಾವೈದ್ಯನ ಬಳಿ ಕಲಿತು ಬಂದನು. ೧೮೯೮ರಲ್ಲಿ ಬಾಸ್ಟನ್ನಿನಲ್ಲಿ ಸ್ವಂತ ವೃತ್ತಿಯನ್ನು ಆರಂಭಿಸಿದನು. ಕೆಲವು ಕಾಲದಲ್ಲಿಯೇ ತಾಯಿಯ ರೋಗವು ಬೆಳಕಿಗೆ ಬಂದಿತು. ಆತನ ಕಿರ್ದಿಯಲ್ಲಿ ಎಂಟನೆಯ ಹೆಸರು ತಾಯಿಯದು. ಮಗನ ವಾತ್ಸಲ್ಯವೂ ವೈದ್ಯನ ಕಟ್ಟುನಿಟ್ಟೂ ಒಂದೇ ಊಟದ ಮೇಜಿನ ಮುಂದೆ ಕುಳಿತದ್ದನ್ನು ನಾವು ಊಹಿಸಿಕೊಳ್ಳಬಹುದು. ತಿನ್ನುವುದನ್ನೆಲ್ಲ ತೂಗಿ ತಿನ್ನಬೇಕು, ದಿನವೂ ನಡೆಯಬೇಕು, ಮೂತ್ರವನ್ನು ಪರೀಕ್ಷಿಸಬೇಕು. ಆಕೆ ಆ ನಿಯಮಗಳನ್ನು ಪಾಲಿಸಿದಳು. ಇನ್ಸುಲಿನ್ ಇಲ್ಲದ ಆ ದಿನಗಳಲ್ಲಿಯೂ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬದುಕಿದಳು. ವಯಸ್ಸಾದವರಲ್ಲಿ ರೋಗವು ಸ್ವಲ್ಪ ಸೌಮ್ಯವಾಗಿರುತ್ತದೆಂಬುದು ನಿಜ. ಆದರೂ ಈ ಒಂದು ಅನುಭವವು ಜಾಸ್ಲಿನ್ನನ ಮನಸ್ಸಿನಲ್ಲಿ ಅಚ್ಚೊತ್ತಿತು. ರೋಗಿಯು ತಾನೇ ದುಡಿದರೆ ರೋಗವನ್ನು ಹಿಡಿದು ನಿಲ್ಲಿಸಬಹುದೆಂಬ ನಂಬಿಕೆ ಅಲ್ಲಿಂದ ಬಂದಿತೆಂದರೆ ತಪ್ಪಾಗಲಾರದು.

ನಂಬಿಕೆಯೊಂದರಿಂದಲೇ ಆತನು ತೃಪ್ತನಾಗಲಿಲ್ಲ. ಬಾಸ್ಟನ್ನಿನ ಪೋಷಣ ಪ್ರಯೋಗಶಾಲೆಯಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ ಎಂಬ ವಿಜ್ಞಾನಿಯೊಡನೆ ಸೇರಿ, ಮಧುಮೇಹಿಯ ದೇಹವು ಎಷ್ಟು ಪ್ರಾಣವಾಯುವನ್ನು ಬಳಸುತ್ತದೆ, ಎಷ್ಟು ಶಾಖವನ್ನು ಹೊರಗೆಡಹುತ್ತದೆ ಎಂಬುದನ್ನು ವರ್ಷಗಟ್ಟಲೆ ಅಳೆದನು. ಆ ಮೇಲೆ ೧೯೧೪ರ ಸುಮಾರಿಗೆ ಫ್ರೆಡರಿಕ್ ಆಲನ್ ಎಂಬ ವೈದ್ಯನು ಉಪವಾಸ ಚಿಕಿತ್ಸೆಯನ್ನು ಬಳಕೆಗೆ ತಂದನು. ಮೂತ್ರದಲ್ಲಿ ಸಕ್ಕರೆ ಕಾಣದಾಗುವವರೆಗೆ ರೋಗಿಯನ್ನು ಉಪವಾಸವಿರಿಸುವುದು. ಬಳಿಕ ಮತ್ತೆ ಸಕ್ಕರೆ ಕಾಣಿಸಿಕೊಳ್ಳದಷ್ಟೇ ಆಹಾರವನ್ನು ಕೊಡುವುದು. ಕ್ರೂರವೆಂದು ಈಗ ನಮಗೆ ತೋರುವ ಈ ಕ್ರಮವನ್ನು ಜಾಸ್ಲಿನ್ ಕೂಡ ಕೈಕೊಂಡನು. ತನ್ನ ಸಾವಿರ ರೋಗಿಗಳ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ೧೯೧೬ರಲ್ಲಿ ಮಧುಮೇಹ ಚಿಕಿತ್ಸೆಯ ಮೇಲೆ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಪಥ್ಯ ಮತ್ತು ವ್ಯಾಯಾಮಗಳಿಂದ ಮರಣವು ನೂರಕ್ಕೆ ಇಪ್ಪತ್ತರಷ್ಟು ಇಳಿದುದನ್ನು ಆತನು ಅದರಲ್ಲಿ ತೋರಿಸಿದನು. ಆದರೆ ಮಕ್ಕಳ ಪಾಲಿಗೆ ಇದು ದಿನಗಳನ್ನು ಮುಂದೂಡುವ ಉಪಾಯವೇ ಹೊರತು ಬದುಕಿನ ದಾರಿಯಾಗಿರಲಿಲ್ಲ. ಕೆಲವರು ರೋಗದಿಂದ ಸಾಯದೆ ಹಸಿವಿನಿಂದ ಸತ್ತರು. ಇದನ್ನು ಮುಚ್ಚಿಟ್ಟು ಜಾಸ್ಲಿನ್ನನನ್ನು ಹೊಗಳುವುದು ಸರಿಯಲ್ಲ. ಆತನು ಬೇರೆ ದಾರಿ ಕಾಣದೆ ಇದ್ದುದರಲ್ಲಿ ಉತ್ತಮವಾದುದನ್ನು ಹಿಡಿದನೆಂದು ಮಾತ್ರ ಹೇಳಬಹುದು.

೧೯೨೧ರಲ್ಲಿ ಆತನು ಬರೆದ ಒಂದು ಲೇಖನವನ್ನು ಇಲ್ಲಿ ನೆನೆಯಬೇಕು. ಅದರಲ್ಲಿ ಒಂದು ಹಳ್ಳಿಯ ಅಗಲವಾದ ಬೀದಿಯ ಕಥೆ ಬರುತ್ತದೆ. ಆ ಹಳ್ಳಿ ಆತನು ಹುಟ್ಟಿದ ಆಕ್ಸ್‌ಫರ್ಡೇ. ಬೀದಿಯಲ್ಲಿ ಒತ್ತೊತ್ತಾಗಿ ಮೂರು ಮನೆಗಳು. ಅವುಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ಬಂದು ನೆಲೆಸಿದ ಕುಟುಂಬಗಳ ಹಿರಿಯರು ಒಟ್ಟು ಏಳು ಮಂದಿ, ನಾಲ್ವರು ಹೆಂಗಸರು ಮತ್ತು ಮೂವರು ಗಂಡಸರು. ಆ ಏಳರಲ್ಲಿ ಆರು ಮಂದಿ ಮಧುಮೇಹದಿಂದ ಸತ್ತರು. ಈ ಸಾವುಗಳು ವಿಷಮಶೀತ ಜ್ವರದಿಂದಲೋ ಬೇರೊಂದು ಸಾಂಕ್ರಾಮಿಕದಿಂದಲೋ ಆಗಿದ್ದರೆ ಆರೋಗ್ಯಾಧಿಕಾರಿಗಳು ಓಡಿ ಬರುತ್ತಿದ್ದರು, ಬಾವಿಯ ನೀರನ್ನು ಪರೀಕ್ಷಿಸುತ್ತಿದ್ದರು, ಊರೇ ಗಾಬರಿಗೊಳ್ಳುತ್ತಿತ್ತು. ಮಧುಮೇಹವಾದುದರಿಂದ ಯಾರೂ ಏನೆಂದು ಕೇಳಲಿಲ್ಲ. ಈ ರೋಗವನ್ನು ಗುಣಪಡಿಸುವುದರ ಮಾತು ಹಾಗಿರಲಿ, ತಡೆಯುವುದರ ಬಗ್ಗೆ ಯಾರು ಯೋಚಿಸುತ್ತಿದ್ದಾರೆಂದು ಆತನು ವೈದ್ಯಲೋಕವನ್ನು ಪ್ರಶ್ನಿಸಿದನು. ಮೈತೂಕ ಹೆಚ್ಚಾದವರಲ್ಲಿ ರೋಗವು ಹೆಚ್ಚೆಂಬುದನ್ನು ತನ್ನ ಕಿರ್ದಿಗಳಿಂದಲೇ ಎತ್ತಿ ತೋರಿಸಿದನು. ಇನ್ಸುಲಿನ್ ಕೈಗೆ ಬರುವುದಕ್ಕೆ ಮೊದಲೇ ಈ ಮಾತು ಹೊರಟಿತ್ತೆಂಬುದು ಗಮನಾರ್ಹ.

ಅದೇ ವರ್ಷದ ಬೇಸಗೆಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ತರುಣರಿಬ್ಬರು ನಾಯಿಗಳ ಮೇದೋಜೀರಕದಿಂದ ಸಾರವನ್ನು ತೆಗೆಯಲು ತೊಡಗಿದ್ದರು. ಡಿಸೆಂಬರ್ ಕೊನೆಯಲ್ಲಿ ನ್ಯೂ ಹೇವನ್ ನಗರದಲ್ಲಿ ಅವರ ಕೆಲಸವು ವಿದ್ವಾಂಸರ ಸಭೆಯ ಮುಂದೆ ಬಂದಾಗ ಶ್ರೋತೃಗಳ ನಡುವೆ ಜಾಸ್ಲಿನ್ನನೂ ಕುಳಿತಿದ್ದನು. ೧೯೨೨ರ ಜನವರಿಯಲ್ಲಿ ಟೊರಾಂಟೊದ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಆ ಸಾರವನ್ನು ಚುಚ್ಚಲಾಯಿತು. ಆಗಸ್ಟ್ ೭ರಂದು ಜಾಸ್ಲಿನ್ ತನ್ನ ರೋಗಿಯೊಬ್ಬಳಿಗೆ ಮೊತ್ತಮೊದಲನೆಯ ಸಾರಿ ಇನ್ಸುಲಿನ್ ಕೊಟ್ಟನು. ಆಕೆಯೂ ದಾದಿಯ ವೃತ್ತಿಯವಳೇ. ಐದು ವರ್ಷಗಳ ರೋಗ ಮತ್ತು ಉಪವಾಸಗಳಿಂದ ಆಕೆಯ ತೂಕ ೭೦ ಪೌಂಡುಗಳಷ್ಟಕ್ಕೆ, ಎಂದರೆ ಸುಮಾರು ೩೨ ಕಿಲೋಗ್ರಾಮಿಗೆ ಇಳಿದಿತ್ತು. ಮನೆಯಿಂದ ಹೊರಕ್ಕೆ ಬರುವ ತ್ರಾಣವೂ ಉಳಿದಿರಲಿಲ್ಲ. ಕೆಲವೇ ವಾರಗಳಲ್ಲಿ ಆಕೆ ಎದ್ದು ನಡೆದಾಡತೊಡಗಿದಳು. ಮುಂದೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬದುಕಿದಳು. ಇಪ್ಪತ್ತೊಂಬತ್ತು ವರ್ಷ ಸಾವುಗಳನ್ನೇ ಬರೆಯುತ್ತ ಬಂದ ಕಿರ್ದಿಯಲ್ಲಿ ಈಗ ಬೇರೆ ಬಗೆಯ ಸಾಲುಗಳು ಕಾಣಿಸಿಕೊಂಡವು.

ಆಗ ಲೋಕವೆಲ್ಲ ಮಧುಮೇಹವು ಗೆದ್ದುಹೋಯಿತೆಂದು ಸಂಭ್ರಮಿಸುತ್ತಿತ್ತು. ಜಾಸ್ಲಿನ್ನನ ಬುದ್ಧಿಯ ಹಿರಿಮೆ ಕಾಣುವುದು ಇಲ್ಲಿಯೇ. ಇನ್ಸುಲಿನ್ ರೋಗವನ್ನು ಗುಣಪಡಿಸುವುದಿಲ್ಲ, ದಿನದಿನವೂ ಸಾವನ್ನು ನಾಳೆಗೆ ತಳ್ಳುತ್ತದೆ, ಅಷ್ಟೆ. ಅದನ್ನು ಚುಚ್ಚಿಕೊಳ್ಳತಕ್ಕವನು ವೈದ್ಯನಲ್ಲ, ರೋಗಿ. ಅಳತೆ ಕಡಿಮೆಯಾದರೆ ಸಕ್ಕರೆ ಏರುತ್ತದೆ, ಹೆಚ್ಚಾದರೆ ಸಕ್ಕರೆ ಕುಸಿದು ಬೆವರು ನಡುಕಗಳುಂಟಾಗಿ ಪ್ರಜ್ಞೆಯೇ ತಪ್ಪಬಹುದು. ಆದುದರಿಂದ ರೋಗಿಗೆ ವಿದ್ಯೆ ಬೇಕು. ವೈದ್ಯನೂ ರೋಗಿಯೂ ಕೂಡಿ ಬಳಸತಕ್ಕ ಒಂದು ಕೈಪಿಡಿಯನ್ನು ಆತನು ೧೯೧೮ರಲ್ಲಿಯೇ ಬರೆದಿದ್ದನು. ಈಗ ಅದನ್ನು ಮತ್ತೆ ಮತ್ತೆ ತಿದ್ದಿ ಹೊರತಂದನು. ಆಸ್ಪತ್ರೆಯೊಳಗೆ ತರಗತಿಗಳು ನಡೆದವು. ದಾದಿಯರಿಗೆ ಕಲಿಸಿ ಅವರನ್ನು ರೋಗಿಗಳ ಮನೆಗಳಿಗೇ ಕಳುಹಿಸಿದನು; ಅಡಿಗೆಮನೆಯಲ್ಲಿ ನಿಂತು ರೊಟ್ಟಿಯನ್ನು ತೂಗುವುದನ್ನೂ ಸೂಜಿಯನ್ನು ಕುದಿಸುವುದನ್ನೂ ಅವರು ಕಲಿಸಿದರು. ರಸಾಯನಶಾಸ್ತ್ರದ ಪಾಠದಲ್ಲಿ ಬೆನೆಡಿಕ್ಟ್ ದ್ರಾವಣವನ್ನು ಕಂಡ ವಿದ್ಯಾರ್ಥಿಗಳಿಗೆ ಅದರ ನೀಲಿ ಬಣ್ಣವು ಸಕ್ಕರೆಯೊಡನೆ ಕುದಿದಾಗ ಹಸಿರು, ಹಳದಿ, ಇಟ್ಟಿಗೆ ಕೆಂಪು ಬಣ್ಣಗಳಿಗೆ ತಿರುಗುವುದು ಗೊತ್ತು. (ಆ ದ್ರಾವಣದ ಬೆನೆಡಿಕ್ಟ್ ಬೇರೆ, ಮೇಲೆ ಹೇಳಿದ ಬೆನೆಡಿಕ್ಟ್ ಬೇರೆ.) ಆ ಕಾಲದ ಮಧುಮೇಹಿಗಳು ದಿನಕ್ಕೆ ಹಲವು ಬಾರಿ ಮನೆಯಲ್ಲಿ ಮೂತ್ರವನ್ನು ಈ ದ್ರಾವಣದೊಡನೆ ಕಾಯಿಸಿ ಬಣ್ಣ ನೋಡಿ ಬರೆದಿಡುತ್ತಿದ್ದರು. ವೈದ್ಯನ ಕಿರ್ದಿಯಂತೆ ರೋಗಿಗೂ ಒಂದು ಕಿರ್ದಿಯಾಯಿತು.

ಮೂರು ಕುದುರೆಗಳ ರಥದ ಚಿತ್ರವೊಂದನ್ನು ಜಾಸ್ಲಿನ್ ತನ್ನ ರೋಗಿಗಳ ಮುಂದಿಡುತ್ತಿದ್ದನು. ಒಂದು ಕುದುರೆ ಪಥ್ಯ, ಒಂದು ಇನ್ಸುಲಿನ್, ಇನ್ನೊಂದು ವ್ಯಾಯಾಮ, ಸಾರಥಿಯು ರೋಗಿಯೇ. ಕಠೋಪನಿಷತ್ತಿನ ರಥದ ರೂಪಕವನ್ನು ಕೇಳಿರುವ ನಮಗೆ ಇದು ಹೊಸದೆನಿಸದು. ಆದರೆ ಜಾಸ್ಲಿನ್ನನ ದೃಷ್ಟಿ ಮೋಕ್ಷದ ಕಡೆಗಿರಲಿಲ್ಲ, ಮಧ್ಯಾಹ್ನದ ಊಟದ ಕಡೆಗಿತ್ತು!

ಮಕ್ಕಳ ವಿಷಯದಲ್ಲಿ ಆತನಿಗಿದ್ದ ಕಾಳಜಿ ವಿಶೇಷವಾದುದು. ಇನ್ಸುಲಿನ್ ಬಂದ ಮೇಲೆ ಬದುಕಿದ ಮಕ್ಕಳು ಶಾಲೆಯಲ್ಲಿ ಇತರರಿಂದ ಬೇರೆಯಾಗಿ, ಅಂಜಿಕೆಯಿಂದ ಬೆಳೆಯುತ್ತಿದ್ದರು. ಅಮೆರಿಕಾದ ರೆಡ್‌ಕ್ರಾಸ್ ಸಂಸ್ಥೆಯನ್ನು ಸ್ಥಾಪಿಸಿದ ಕ್ಲಾರಾ ಬಾರ್ಟನ್ ಹುಟ್ಟಿದ ಮನೆಯು ಆಕ್ಸ್‌ಫರ್ಡಿನಲ್ಲಿಯೇ ಇದೆ. ಅದರ ಆವರಣದಲ್ಲಿ ೧೯೩೨ರಲ್ಲಿ ಮಧುಮೇಹಿ ಬಾಲಕಿಯರ ಬೇಸಗೆ ಶಿಬಿರವು ಆರಂಭವಾಯಿತು. ೧೯೪೮ರಲ್ಲಿ ಬಾಲಕರಿಗೂ ಹತ್ತಿರದ ಊರಿನಲ್ಲಿ ಒಂದು ಶಿಬಿರ ಏರ್ಪಟ್ಟಿತು. ಅಲ್ಲಿ ಚುಚ್ಚಿಕೊಳ್ಳದ ಹುಡುಗನೇ ಇಲ್ಲವಾದುದರಿಂದ ಚುಚ್ಚಿಕೊಳ್ಳಲು ನಾಚಬೇಕಾದುದಿರಲಿಲ್ಲ. ಈಜು, ಓಟ, ಆಟಗಳ ನಡುವೆಯೇ ಮಕ್ಕಳು ಅಳತೆಯನ್ನೂ ಪರೀಕ್ಷೆಯನ್ನೂ ಕಲಿತರು.

ಇನ್ನು ಈ ಜೀವನದ ದೊಡ್ಡ ವಾದಕ್ಕೆ ಬರೋಣ. ಇನ್ಸುಲಿನ್‌ಗೆ ಮುಂಚೆ ಮಧುಮೇಹಿಗಳಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿ ರೋಗವು ವಿಷಮಿಸಿ ಪ್ರಜ್ಞೆ ತಪ್ಪಿ ಸಾಯುತ್ತಿದ್ದರೆಂದು ಜಾಸ್ಲಿನ್ನನ ಲೆಕ್ಕವೇ ಹೇಳುತ್ತದೆ. ಇನ್ಸುಲಿನ್ ಬಂದ ಮೇಲೆ ಆ ಬಗೆಯ ಸಾವು ವೇಗವಾಗಿ ಕಡಿಮೆಯಾಯಿತು. ಆದರೆ ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕಿರ್ದಿಗಳಲ್ಲಿ ಹೊಸ ಮಾತುಗಳು ಬರತೊಡಗಿದವು. ಬಾಲ್ಯದಲ್ಲಿ ಬದುಕಿಸಿದ ಮಗುವು ಮೂವತ್ತನೆಯ ವಯಸ್ಸಿಗೆ ಕುರುಡಾಯಿತು. ಒಬ್ಬನ ಮೂತ್ರಪಿಂಡಗಳು ಕೆಟ್ಟವು. ಒಬ್ಬನ ಕಾಲಿನ ಹುಣ್ಣು ಮಾಯದೆ ಕೊಳೆತು ಕಾಲನ್ನೇ ಕತ್ತರಿಸಬೇಕಾಯಿತು. ಮತ್ತೊಬ್ಬನ ಹೃದಯವು ಅಕಾಲದಲ್ಲಿ ನಿಂತಿತು. ರಕ್ತದಲ್ಲಿ ಬಹುಕಾಲ ಹೆಚ್ಚಾಗಿ ನಿಂತ ಸಕ್ಕರೆಯು ಕಣ್ಣಿನ ಒಳಪದರದ ಮತ್ತು ಮೂತ್ರಪಿಂಡದ ಕೂದಲೆಳೆಯಂತಹ ರಕ್ತನಾಳಗಳನ್ನೂ ಕಾಲಿನ ನರಗಳನ್ನೂ ಮೆಲ್ಲಮೆಲ್ಲನೆ ಕೆಡಿಸುತ್ತದೆಂಬುದು ಈಗ ತಿಳಿದ ವಿಷಯ. ಆಗ ಅದು ವಿವಾದದ ವಿಷಯವಾಗಿತ್ತು.

ಜಾಸ್ಲಿನ್ ಈ ಹೊಸ ಶತ್ರುವಿನೆದುರು ಒಂದು ಪಡೆಯನ್ನೇ ಕಟ್ಟಿದನು. ಬಾಸ್ಟನ್ನಿನ ಡೀಕನೆಸ್ ಆಸ್ಪತ್ರೆಯಲ್ಲಿ ೧೯೩೪ರಲ್ಲಿ ಬೇಕರ್ ಚಿಕಿತ್ಸಾಲಯವು ತೆರೆಯಿತು. ಅಲ್ಲಿ ಹೊವರ್ಡ್ ರೂಟ್, ಅಲೆಗ್ಸಾಂಡರ್ ಮಾರ್ಬಲ್ ಮೊದಲಾದ ವೈದ್ಯರು ಆತನೊಡನೆ ದುಡಿದರು. ೧೯೨೪ರಲ್ಲಿಯೇ ಬಂದು ಸೇರಿದ್ದ ಪ್ರಿಸಿಲ್ಲಾ ವೈಟ್ ಎಂಬ ವೈದ್ಯೆಯು ಮಧುಮೇಹಿ ತಾಯಂದಿರ ಹೆರಿಗೆಯ ಭಾರವನ್ನು ಹೊತ್ತಳು. ಅಂತಹ ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಉಳಿಯುತ್ತಿದ್ದ ಕಾಲದಿಂದ, ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಮಕ್ಕಳು ಉಳಿಯುವ ಕಾಲದವರೆಗೆ ಆಕೆಯ ಸೇವೆ ಹಬ್ಬಿತು. ಮೆಕಿಟ್ರಿಕ್ ಎಂಬ ಶಸ್ತ್ರವೈದ್ಯನು ರೋಗಿಗಳ ಕಾಲುಗಳನ್ನು ಉಳಿಸುವುದರಲ್ಲಿ ನಿಪುಣನಾದನು. ಕಾಲಿನ ಬಗ್ಗೆ ಜಾಸ್ಲಿನ್ ವಿಧಿಸಿದ ನಿಯಮಗಳು ಅಜ್ಜಿಯ ಬುದ್ಧಿವಾದದಷ್ಟು ಸರಳ: ದಿನವೂ ತೊಳೆದು ಒರೆಸಿಕೊಳ್ಳಬೇಕು, ಬೆಳಕಿನಲ್ಲಿ ನೋಡಿಕೊಳ್ಳಬೇಕು, ಬರಿಗಾಲಿನಲ್ಲಿ ನಡೆಯಬಾರದು, ಬಿಸಿನೀರಿನ ಸೀಸೆಯನ್ನು ಕಾಲಿಗೆ ಒತ್ತಬಾರದು. ನರಗಳು ಮರಗಟ್ಟಿದವನಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಎಷ್ಟೋ ಕಾಲುಗಳು ಉಳಿದುದು ಇಂತಹ ಸಣ್ಣ ಮಾತುಗಳಿಂದ.

ಈ ಉಪದ್ರವಗಳಿಗೆ ಮೂಲ ಕಾರಣ ರಕ್ತದ ಸಕ್ಕರೆಯ ಏರಿಕೆ, ಅದನ್ನು ಸಹಜ ಸ್ಥಿತಿಯ ಸಮೀಪದಲ್ಲಿರಿಸಿದರೆ ಉಪದ್ರವಗಳನ್ನು ತಡೆಯಬಹುದು ಎಂಬುದು ಜಾಸ್ಲಿನ್ನನ ಪಕ್ಷ. ಇದಕ್ಕೆ ಎದುರಾಳಿಗಳೂ ಬಲವಾದವರೇ. ನ್ಯೂಯಾರ್ಕಿನ ಎಡ್ವರ್ಡ್ ಟಾಲ್‌ಸ್ಟಾಯ್ ಎಂಬ ವೈದ್ಯನು, ರೋಗಿಯು ತೂಕ ಕಳೆದುಕೊಳ್ಳದೆ ಸುಖವಾಗಿದ್ದರೆ ಸಾಕು, ಮೂತ್ರದಲ್ಲಿ ಸಕ್ಕರೆ ಕಂಡರೆ ಕಾಣಲಿ, ಎಲ್ಲರಂತೆ ಉಣ್ಣಲಿ ಎಂದು ವಾದಿಸಿದನು. ಉಪದ್ರವಗಳು ವಂಶದಿಂದ ಬರುತ್ತವೆ, ಪಥ್ಯದಿಂದ ನಿಲ್ಲುವುದಿಲ್ಲ ಎಂದವರೂ ಇದ್ದರು. ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ತೂಗಿ ತಿನ್ನುವ ಬಾಳು ಕಷ್ಟದ್ದು. ಉಪದ್ರವ ಬಂದ ರೋಗಿಯು ಇದು ತನ್ನ ತಪ್ಪಿನ ಫಲವೆಂದು ಕೊರಗುವಂತಾಗುವುದೂ ಉಂಟು. ಜಾಸ್ಲಿನ್ನನ ನಿಷ್ಠುರತೆಯಿಂದ ಅಂತಹ ಕೊರಗು ಕೆಲವರಿಗೆ ಹೆಚ್ಚಿರಬಹುದೆಂದು ನಮಗೆ ತೋರುತ್ತದೆ.

ಜಾಸ್ಲಿನ್ ತನ್ನ ಕಿರ್ದಿಗಳನ್ನು ಮುಂದಿಟ್ಟನು. ಜೀವವಿಮಾ ಸಂಸ್ಥೆಯೊಂದರ ಗಣಿತಜ್ಞರ ನೆರವಿನಿಂದ ಸಾವಿರಾರು ರೋಗಿಗಳ ಆಯುಸ್ಸನ್ನು ಲೆಕ್ಕಹಾಕಿಸಿದನು. ೧೯೫೨ರಲ್ಲಿ ಆತನ ಸಂಗಡಿಗರು, ಸಕ್ಕರೆಯನ್ನು ಚೆನ್ನಾಗಿ ಹತೋಟಿಯಲ್ಲಿಟ್ಟುಕೊಂಡವರಲ್ಲಿ ರಕ್ತನಾಳಗಳ ದೋಷವು ಕಡಿಮೆಯೆಂದು ಪ್ರಕಟಿಸಿದರು. ಆದರೂ ಇದು ಪೂರ್ಣ ಪ್ರಮಾಣವಾಗಲಿಲ್ಲ. ಏಕೆಂದರೆ, ಹತೋಟಿಯಿಂದ ರೋಗವು ಸೌಮ್ಯವಾಯಿತೋ, ಅಥವಾ ರೋಗವೇ ಸೌಮ್ಯವಾಗಿದ್ದುದರಿಂದ ಹತೋಟಿಯು ಸುಲಭವಾಯಿತೋ? ಒಬ್ಬ ವಿದ್ಯಾರ್ಥಿಯು ದಿನವೂ ಓದಿದ್ದರಿಂದ ಜಾಣನಾದನೋ, ಜಾಣನಾಗಿದ್ದುದರಿಂದ ದಿನವೂ ಓದಿದನೋ ಎಂದು ಕೇಳಿದಂತೆಯೇ ಇದು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಬಿಗಿಯಾದ ಹತೋಟಿ, ಮತ್ತೊಂದಕ್ಕೆ ವಾಡಿಕೆಯ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಕಾದು ನೋಡಿದಲ್ಲದೆ ಸಂದೇಹ ತೀರದು. ಆ ಕಾಲದಲ್ಲಿ ಅದಕ್ಕೆ ಸಾಧನಗಳಿರಲಿಲ್ಲ. ಮೂತ್ರದ ಬಣ್ಣವು, ರಕ್ತದ ಸಕ್ಕರೆಯು ಬಹಳ ಏರಿದ ಮೇಲೆ ಮಾತ್ರ ತಿರುಗುತ್ತದೆ. ಎಷ್ಟು ಏರಿತು, ಯಾವಾಗ ಇಳಿಯಿತು ಎಂಬುದನ್ನು ಅದು ಸರಿಯಾಗಿ ಹೇಳಲಾರದು.

ಪ್ರಮಾಣವಿಲ್ಲವೆಂದು ಆತನು ಕೈಕಟ್ಟಿ ಕೂರಲಿಲ್ಲ. ಇಪ್ಪತ್ತೈದು ವರ್ಷ ಮಧುಮೇಹದೊಡನೆ ಬಾಳಿ, ಕಣ್ಣು ಮತ್ತು ರಕ್ತನಾಳಗಳ ಪರೀಕ್ಷೆಯಲ್ಲಿ ಯಾವ ಉಪದ್ರವವೂ ಕಾಣದೆ ಇದ್ದವರಿಗೆ ೧೯೪೦ರ ದಶಕದ ಕೊನೆಯಲ್ಲಿ ಒಂದು ವಿಜಯಪದಕವನ್ನು ಕೊಡತೊಡಗಿದನು. ಯುದ್ಧದ ಪದಕಗಳನ್ನೇ ಕಂಡಿದ್ದ ಕಾಲದಲ್ಲಿ ದಿನವೂ ಸೂಜಿ ಚುಚ್ಚಿಕೊಂಡವನಿಗೆ ಪದಕ!

ಆ ಸುಮಾರಿಗೇ ಆತನು ಹುಟ್ಟಿದೂರು ಮತ್ತೊಮ್ಮೆ ಮಧುಮೇಹದ ಇತಿಹಾಸಕ್ಕೆ ಬಂದಿತು. ೧೯೪೬-೪೭ರಲ್ಲಿ ಅಮೆರಿಕಾ ಸರಕಾರದ ಆರೋಗ್ಯ ಇಲಾಖೆಯು ಆಕ್ಸ್‌ಫರ್ಡಿನ ೩೫೧೬ ಜನರನ್ನು ಪರೀಕ್ಷಿಸಿತು. ಅವರಲ್ಲಿ ೭೦ ಮಧುಮೇಹಿಗಳು ದೊರೆತರು. ೪೦ ಮಂದಿಗೆ ತಮ್ಮ ರೋಗವು ತಿಳಿದಿತ್ತು. ಉಳಿದ ೩೦ ಮಂದಿಗೆ ಆ ದಿನದವರೆಗೂ ತಿಳಿದಿರಲಿಲ್ಲ. ಮೂರು ಮನೆಗಳ ಬೀದಿಯ ಕಥೆಯನ್ನು ಬರೆದವನಿಗೆ ಈ ಅಂಕಿಗಳು ಆಶ್ಚರ್ಯ ತಂದಿರಲಾರವು.

ವೃದ್ಧಾಪ್ಯದಲ್ಲಿಯೂ ಜಾಸ್ಲಿನ್ ಕೃಶಕಾಯನಾಗಿ, ಚುರುಕಾಗಿ ಇದ್ದನು. ತೊಂಬತ್ತು ದಾಟಿದ ಮೇಲೂ ರೋಗಿಗಳನ್ನು ನೋಡುವುದನ್ನು ನಿಲ್ಲಿಸಲಿಲ್ಲ. ೧೯೬೨ರ ಜನವರಿ ೨೮ರಂದು ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಆತನ ವಾದವು ಆಗಲೂ ವಾದವಾಗಿಯೇ ಉಳಿದಿತ್ತು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸಾಧನಗಳು ಬಂದವು. ಇಂದು ನಮ್ಮ ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಬೆರಳ ತುದಿಯನ್ನು ಚುಚ್ಚಿ, ರಕ್ತದ ತೊಟ್ಟೊಂದನ್ನು ಸಣ್ಣ ಯಂತ್ರಕ್ಕೆ ತಾಗಿಸಿ ಅಂಕಿಯನ್ನು ಓದುವುದನ್ನು ಎಷ್ಟೋ ಮಂದಿ ವಿದ್ಯಾರ್ಥಿಗಳು ನೋಡಿರಬಹುದು. ಆ ಬಗೆಯ ಯಂತ್ರವು ರೋಗಿಗಳ ಮನೆಯನ್ನು ಹೊಕ್ಕುದು ೧೯೭೦ರ ದಶಕದ ಕೊನೆಯಲ್ಲಿ. ರಕ್ತದ ಕೆಂಪುಕಣಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆಯೆಂದು ಅಳೆದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಯುವ ಪರೀಕ್ಷೆಯೂ ಆ ದಶಕದಲ್ಲಿಯೇ ರೂಪುಗೊಂಡಿತು. ಕಿರ್ದಿಯು ಸುಳ್ಳಾಡಬಹುದು, ಕೆಂಪುಕಣವು ಸುಳ್ಳಾಡುವುದು ಕಷ್ಟ.

೧೯೮೩ರಲ್ಲಿ ಅಮೆರಿಕಾ ಮತ್ತು ಕೆನಡಾಗಳ ೨೯ ಕೇಂದ್ರಗಳಲ್ಲಿ, ಚಿಕ್ಕ ವಯಸ್ಸಿನಲ್ಲಿ ಬರುವ ಬಗೆಯ ಮಧುಮೇಹವಿದ್ದ ೧೪೪೧ ಮಂದಿಯನ್ನು ಚೀಟಿಯ ರೀತಿಯಲ್ಲಿಯೇ ಎರಡು ಗುಂಪು ಮಾಡಿ ಮಹಾಪರೀಕ್ಷೆಯೊಂದನ್ನು ಆರಂಭಿಸಿದರು. ಜಾಸ್ಲಿನ್ನನ ಹೆಸರನ್ನು ಹೊತ್ತ ಬಾಸ್ಟನ್ನಿನ ಕೇಂದ್ರವೂ ಅವುಗಳಲ್ಲಿ ಒಂದು. ಸರಾಸರಿ ಆರೂವರೆ ವರ್ಷ ಅವರನ್ನು ನೋಡಿಕೊಂಡ ಬಳಿಕ ೧೯೯೩ರಲ್ಲಿ ಫಲಿತಾಂಶ ಹೊರಬಿದ್ದಿತು. ಬಿಗಿಯಾದ ಹತೋಟಿಯಿದ್ದ ಗುಂಪಿನಲ್ಲಿ ಕಣ್ಣಿನ ದೋಷವು ಹೊಸದಾಗಿ ತಲೆದೋರುವ ಅಪಾಯವು ನೂರಕ್ಕೆ ೭೬ರಷ್ಟು ತಗ್ಗಿತ್ತು. ನರಗಳ ದೋಷವು ೬೦ರಷ್ಟು. ಮೂತ್ರಪಿಂಡದ ಕೇಡೂ ಬಹಳಮಟ್ಟಿಗೆ ಇಳಿದಿತ್ತು. ಜಾಸ್ಲಿನ್ ಸತ್ತು ಮೂವತ್ತೊಂದು ವರ್ಷಗಳಾಗಿದ್ದವು. ಇದರೊಡನೆ ಬೇರೊಂದು ಸಂಗತಿಯೂ ಹೊರಬಿದ್ದಿತೆಂಬುದನ್ನು ಮರೆಯಬಾರದು: ಬಿಗಿಯ ಗುಂಪಿನವರಿಗೆ ಸಕ್ಕರೆಯು ತೀರ ಕುಸಿಯುವ ಅಪಾಯವು ಸುಮಾರು ಮೂರು ಪಟ್ಟು ಹೆಚ್ಚು. ದೊಡ್ಡವರಾದ ಮೇಲೆ ಬರುವ ಬಗೆಯ ಮಧುಮೇಹದಲ್ಲಿಯೂ ಹತೋಟಿಯಿಂದ ಲಾಭವಿದೆಯೆಂದು ೧೯೯೮ರಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದು ತೋರಿಸಿತು. ಆದರೆ ಹೃದ್ರೋಗದ ಅಪಾಯವಿದ್ದ ಹಿರಿಯರಲ್ಲಿ ಸಕ್ಕರೆಯನ್ನು ತೀರ ಕೆಳಕ್ಕೆ ಇಳಿಸಹೊರಟ ಅಮೆರಿಕಾದ ಇನ್ನೊಂದು ಪರೀಕ್ಷೆಯಲ್ಲಿ ಸಾವುಗಳು ಹೆಚ್ಚಾಗಿ, ೨೦೦೮ರಲ್ಲಿ ಆ ಬಿಗಿಯನ್ನು ನಡುವೆಯೇ ಕೈಬಿಡಬೇಕಾಯಿತು. ಎಲ್ಲ ಕುದುರೆಗಳಿಗೂ ಒಂದೇ ಲಗಾಮು ಹೊಂದುವುದಿಲ್ಲ.

ವಿಜಯಪದಕದ ಪದ್ಧತಿಯು ಜಾಸ್ಲಿನ್ನನ ಬಳಿಕವೂ ಮುಂದುವರಿದು, ೧೯೭೦ರಿಂದ ಐವತ್ತು ವರ್ಷ ಇನ್ಸುಲಿನ್ ಬಲದಿಂದ ಬಾಳಿದವರಿಗೂ ಪದಕ ದೊರೆಯಿತು. ಈ ಐವತ್ತು ವರ್ಷದವರನ್ನೇ ಕರೆದು ಬಾಸ್ಟನ್ನಿನ ಸಂಶೋಧಕರು ಅವರ ಕಣ್ಣು, ಮೂತ್ರಪಿಂಡ, ನರಗಳನ್ನು ಪರೀಕ್ಷಿಸಿದರು. ೨೦೧೧ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅವರಲ್ಲಿ ನೂರಕ್ಕೆ ನಾಲ್ವತ್ತಕ್ಕೂ ಹೆಚ್ಚು ಮಂದಿಗೆ ತೀವ್ರ ಬಗೆಯ ಕಣ್ಣಿನ ದೋಷವು ಬಂದೇ ಇರಲಿಲ್ಲ. ಇನ್ನೂ ವಿಚಿತ್ರವೆಂದರೆ, ಈ ರಕ್ಷಣೆಗೂ ಅವರ ಸಕ್ಕರೆಯ ಹತೋಟಿಗೂ ಸಂಬಂಧವು ಕಾಣಲಿಲ್ಲ. ಹತೋಟಿಯ ಜೊತೆಗೆ ಅವರ ದೇಹದಲ್ಲಿಯೇ ಬೇರಾವುದೋ ಕಾವಲಿದ್ದಿರಬೇಕೆಂದು ಸಂಶೋಧಕರು ಆ ಕಾವಲನ್ನು ಹುಡುಕಹೊರಟರು. ಕೆಲವು ಪದಕಧಾರಿಗಳು ತಮ್ಮ ಮರಣಾನಂತರ ಕಣ್ಣು ಮತ್ತು ಮೂತ್ರಪಿಂಡಗಳನ್ನು ಈ ಶೋಧನೆಗಾಗಿ ಬರೆದುಕೊಟ್ಟಿದ್ದಾರೆ.